ಡಂಕರ್ಕಿಗೆ ಹೋಗಿಬಂದ ದೋಣಿ ಯಾವುದು?

ಬೇಸಿಗೆಯಲ್ಲಿ ಇಂಗ್ಲೆಂಡಿನ ಥೇಮ್ಸ್ ನದಿಯ ದಡದುದ್ದಕ್ಕೂ ಹಳೆಯ ಮರದ ದೋಣಿಗಳು ಕಟ್ಟಿ ನಿಂತಿರುತ್ತವೆ. ಮೂವತ್ತು ನಲವತ್ತು ಅಡಿ ಉದ್ದ, ಮೇಲೊಂದು ಪುಟ್ಟ ಕೋಣೆ, ಮುಖ ಕಾಣುವಷ್ಟು ಹೊಳೆಯುವ ವಾರ್ನಿಷು, ಉಜ್ಜಿಟ್ಟ ಹಿತ್ತಾಳೆ. ಗೊತ್ತಿಲ್ಲದವರ ಕಣ್ಣಿಗೆ ಒಂದರಂತೆಯೇ ಇನ್ನೊಂದು. ಆದರೆ ಅವುಗಳಲ್ಲಿ ಕೆಲವೇ ಕೆಲವು ದೋಣಿಗಳ ಮೂತಿಯ ಮೇಲೆ ಬಿಳಿ ಬಟ್ಟೆಗೆ ಕೆಂಪು ಶಿಲುಬೆ, ಅದರ ನಡುವೆ ಒಂದು ಊರಿನ ಲಾಂಛನ ಇರುವ ಬಾವುಟ ಕಾಣುತ್ತದೆ. ಲಾಂಛನ ಇಂಗ್ಲೆಂಡಿನ ಊರಿನದಲ್ಲ. ಫ್ರಾನ್ಸಿನ ಕಡಲ ತೀರದ ಡಂಕರ್ಕ್ ಎಂಬ ಬಂದರಿನದು. ಆ ಬಾವುಟ ಹಾರಿಸುವ ಹಕ್ಕು ದೋಣಿಯ ಒಡೆಯನ ಅಂತಸ್ತಿನಿಂದ ಬರುವುದಿಲ್ಲ, ದೋಣಿ 1940ರಲ್ಲಿ ಎಲ್ಲಿತ್ತು ಎಂಬುದರಿಂದ ಬರುತ್ತದೆ.

ಆ ವರ್ಷ ಮೇ 26ರಿಂದ ಜೂನ್ 4ರವರೆಗೆ ನಡೆದದ್ದು ಎರಡನೇ ಮಹಾಯುದ್ಧದ ಒಂದು ವಿಚಿತ್ರ ಪ್ರಸಂಗ. ಜರ್ಮನ್ ಸೇನೆ ಸುತ್ತುವರಿದು ಸಮುದ್ರದ ಅಂಚಿಗೆ ಒತ್ತಿದ್ದ ಬ್ರಿಟಿಷ್, ಫ್ರೆಂಚ್ ಮತ್ತಿತರ ಮಿತ್ರ ಸೈನಿಕರು 3,38,226 ಮಂದಿ ಡಂಕರ್ಕಿನಿಂದ ಪಾರಾಗಿ ಇಂಗ್ಲೆಂಡಿಗೆ ಬಂದರು. ಬಹುಪಾಲು ಜನರನ್ನು ಬಂದರಿನ ಕಟ್ಟೆಯಿಂದಲೇ ದೊಡ್ಡ ಹಡಗುಗಳು ಎತ್ತಿಕೊಂಡವು. ಸುಮಾರು ಒಂದು ಲಕ್ಷ ಮಂದಿ ಮಾತ್ರ ಮರಳ ತೀರದಿಂದ ಹೊರಟವರು. ತೀರ ಎಷ್ಟು ಆಳವಿಲ್ಲದ್ದೆಂದರೆ ಯುದ್ಧನೌಕೆಗಳು ದೂರದಲ್ಲೇ ನಿಲ್ಲಬೇಕಿತ್ತು. ಕತ್ತಿನವರೆಗೆ ನೀರಿನಲ್ಲಿ ಸಾಲುಗಟ್ಟಿ ನಿಂತವರನ್ನು ಹಡಗಿನವರೆಗೆ ಮುಟ್ಟಿಸಲು ಚಿಕ್ಕ ದೋಣಿಗಳು ಬೇಕಾದವು. ವಿಹಾರದ ದೋಣಿ, ಮೀನಿನ ದೋಣಿ, ಜೀವರಕ್ಷಕ ದೋಣಿ, ಸಿಕ್ಕಿದ್ದೆಲ್ಲ ಹೊರಟಿತು. ಹೀಗೆ ಹೋದವಕ್ಕೆ 'ಲಿಟಲ್ ಶಿಪ್ಸ್' ಎಂಬ ಹೆಸರು ನಿಂತಿತು.

ಡಂಕರ್ಕಿನ ಮಾತು ಬಂದಾಗ ನಮ್ಮವರನ್ನು ಮರೆಯುವುದು ವಾಡಿಕೆ. 1939ರ ಡಿಸೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿ ಹೋದ ಭಾರತೀಯ ಸೇನೆಯ ಹೇಸರಗತ್ತೆ ತುಕಡಿಗಳೂ ಆಗ ಫ್ರಾನ್ಸಿನಲ್ಲಿದ್ದವು. ನಾಲ್ಕರಲ್ಲಿ ಒಂದು ತುಕಡಿ ಸೆರೆಸಿಕ್ಕಿತು. ಉಳಿದವರು ಪ್ರಾಣಿಗಳನ್ನು ಅಲ್ಲೇ ಬಿಟ್ಟು ಪಾರಾದರು.

ಸಾಮಾನ್ಯ ಜನರ ಕಣ್ಣಿಗೆ ಡಂಕರ್ಕ್ ಎಂದರೆ ಪಡಸಾಲೆಯಂಥ ಕೋಣೆಯಿರುವ ಪುಟ್ಟ ವಿಹಾರ ದೋಣಿ, ಅಂದರೆ ಕ್ಯಾಬಿನ್ ಕ್ರೂಸರ್. 1942ರ 'ಮಿಸೆಸ್ ಮಿನಿವರ್' ಚಿತ್ರದಲ್ಲಿ ಮನೆಯ ಯಜಮಾನ ರಾತ್ರೋರಾತ್ರಿ ತನ್ನ ದೋಣಿಯೇರಿ ಥೇಮ್ಸ್ ಇಳಿದು ಹೋಗುತ್ತಾನೆ. 2017ರಲ್ಲಿ ಬೆಂಗಳೂರಿನ ಚಿತ್ರಮಂದಿರಗಳಲ್ಲೂ ಓಡಿದ ಕ್ರಿಸ್ಟಫರ್ ನೋಲನ್‌ನ ಚಿತ್ರದಲ್ಲಿ ಅಂಥದ್ದೇ ದೋಣಿ ಕಥೆಯ ಮೂರನೇ ಒಂದು ಭಾಗವನ್ನು ಹೊತ್ತಿದೆ. ಚಿತ್ರ ನೋಡಿ ಬಂದವನಿಗೆ 1930ರ ದಶಕದ ಪ್ರತಿ ಕ್ಯಾಬಿನ್ ಕ್ರೂಸರೂ ಡಂಕರ್ಕಿನ ವೀರನಂತೆ ತೋರಿದರೆ ತಪ್ಪಲ್ಲ. ತೊಡಕು ಇರುವುದೂ ಇಲ್ಲೇ. ಯಾವುದು ಹೋಗಿತ್ತು, ಯಾವುದು ಹೋಗಿರಲಿಲ್ಲ ಎಂದು ಹೇಳುವುದು ಹೇಗೆ?

ಮೊದಲು ದೋಣಿಯನ್ನೇ ನೋಡೋಣ. ಕ್ಯಾಬಿನ್ ಕ್ರೂಸರ್ ಎಂದರೆ ಮಲಗಲು, ಚಹಾ ಕಾಯಿಸಿಕೊಳ್ಳಲು ಮುಚ್ಚಿದ ಜಾಗವಿರುವ ಮೋಟಾರು ದೋಣಿ. ಮೊದಲ ಮಹಾಯುದ್ಧದ ನಂತರ ಪೆಟ್ರೋಲ್ ಎಂಜಿನ್ ನಂಬಿಕೆಗೆ ಅರ್ಹವಾಯಿತು. ಡಾಕ್ಟರರು, ವಕೀಲರು, ಅಂಗಡಿ ಮಾಲೀಕರು ವಾರಾಂತ್ಯಕ್ಕೆಂದು ಇಂಥ ದೋಣಿ ಕೊಳ್ಳತೊಡಗಿದರು. ಥೇಮ್ಸ್ ದಡದ ಹ್ಯಾಂಪ್ಟನ್ನಿನಲ್ಲಿ ಥಾರ್ನಿಕ್ರಾಫ್ಟ್, ಚರ್ಟ್‌ಸಿಯಲ್ಲಿ ಬೇಟ್ಸ್, ಸೌತಾಂಪ್ಟನ್ನಿನಲ್ಲಿ ರಾಂಪಾರ್ಟ್, ದಕ್ಷಿಣ ಕರಾವಳಿಯ ಲಿಟಲ್‌ಹ್ಯಾಂಪ್ಟನ್ನಿನಲ್ಲಿ ಆಸ್ಬಾರ್ನ್, ಸ್ಕಾಟ್ಲೆಂಡಿನ ರೋಸ್ನೀತ್‌ನಲ್ಲಿ ಸಿಲ್ವರ್, ಹೀಗೆ ಒಂದೊಂದು ಕಟ್ಟೆಯೂ ತನ್ನದೇ ಮಾದರಿಗಳನ್ನು ಮಾಡಿತು. ಬೇಟ್ಸ್ ಅವರ ದೋಣಿಗೆ 'ಸ್ಟಾರ್ ಕ್ರಾಫ್ಟ್' ಎಂದು ಹೆಸರು. ಸಿಲ್ವರ್ ಕಟ್ಟೆಯ ದೋಣಿಗಳ ನಕ್ಷೆ ಬರೆದ ಜಾನ್ ಬೇನ್ ಅವರ ಕೈಚಳಕವನ್ನು ಬಲ್ಲವರು ದೂರದಿಂದಲೇ ಗುರುತಿಸುತ್ತಾರೆ.

ಮಾದರಿ ಒಂದೇ ಎಂದ ಮಾತ್ರಕ್ಕೆ ದೋಣಿಗಳು ಒಂದೇ ರೀತಿ ಇರುವುದಿಲ್ಲ. ಕೆಳಗಿನ ಒಡಲು ಒಂದೇ ಅಚ್ಚಿನದು. ಮೇಲಿನ ಕೋಣೆ ಮಾತ್ರ ಕೊಳ್ಳುವವನ ಮರ್ಜಿ. ಒಬ್ಬನಿಗೆ ಮುಂದೆ ಕೋಣೆ, ಹಿಂದೆ ತೆರೆದ ಕಟ್ಟೆ ಬೇಕು. ಇನ್ನೊಬ್ಬನಿಗೆ ಮುಂದೊಂದು ಹಿಂದೊಂದು ಕೋಣೆ, ನಡುವೆ ಚುಕ್ಕಾಣಿಯ ಗೂಡು. ನಮ್ಮಲ್ಲಿ ಒಂದೇ ಕಂಪನಿಯ ಚಾಸಿಸ್ ಮೇಲೆ ಬೇರೆ ಬೇರೆ ಊರಿನವರು ಬಸ್ಸಿನ ಬಾಡಿ ಕಟ್ಟಿಸಿದ ಹಾಗೆ.

ಇದಕ್ಕಿಂತ ಮುಖ್ಯವಾದ ಭೇದ ಹೊಳೆಯ ದೋಣಿಗೂ ಕಡಲ ದೋಣಿಗೂ ಇರುವುದು. ಟೆಡಿಂಗ್ಟನ್ ಎಂಬಲ್ಲಿರುವ ನೀರುಗೇಟಿನಿಂದ ಮೇಲಕ್ಕೆ ಥೇಮ್ಸ್‌ನಲ್ಲಿ ಉಬ್ಬರವಿಳಿತ ಇಲ್ಲ. ಅಲ್ಲಿನ ದೋಣಿಗೆ ತಲೆಗೆ ತಗಲುವ ಸೇತುವೆಗಳದ್ದೇ ಚಿಂತೆ. ಹಾಗಾಗಿ ಮಾಡು ತಗ್ಗು, ಕಿಟಕಿ ಅಗಲ, ನೀರಿನಿಂದ ಮೇಲಿರುವ ಪಕ್ಕೆ ಗಿಡ್ಡ. ಕಡಲಿಗೆಂದು ಕಟ್ಟಿದ್ದರ ಮೂತಿ ಎತ್ತರ, ಕಿಟಕಿಯ ಬದಲು ದುಂಡನೆಯ ಚಿಕ್ಕ ಗಾಜಿನ ಕಿಂಡಿ. ಡಂಕರ್ಕಿಗೆ ಇವೆರಡೂ ಹೋದವು. ಹತ್ತಿರದ ದಾರಿಯೇ 39 ನಾಟಿಕಲ್ ಮೈಲಿ. ಹೊಳೆಯ ನೀರಿನಾಚೆ ಎಂದೂ ಮೂತಿ ಹಾಕದಿದ್ದ ದೋಣಿಗಳು ಆ ದಾರಿಯಲ್ಲಿ ಬಾಂಬು, ನೆಲಬಾಂಬಿನ ತಮ್ಮನಾದ ಕಡಲಬಾಂಬು ಎರಡನ್ನೂ ತಪ್ಪಿಸಿಕೊಂಡು ಸಾಗಬೇಕಾಯಿತು. ಆ ದಿನಗಳಲ್ಲಿ ಕಡಲು ಅಸಾಧಾರಣವಾಗಿ ಶಾಂತವಾಗಿತ್ತು. ಇಲ್ಲದಿದ್ದರೆ ಎಷ್ಟು ಬರುತ್ತಿದ್ದವೋ.

ಮೂರನೆಯ ಬಗೆಯೊಂದಿದೆ. ಹುಟ್ಟಿನಿಂದ ವಿಹಾರದ ದೋಣಿಯಲ್ಲ, ಆಮೇಲೆ ಮಾಡಿಕೊಂಡದ್ದು. ಹಡಗಿನ ಹಳೆಯ ಜೀವರಕ್ಷಕ ದೋಣಿಗೆ ಕೋಣೆ ಕಟ್ಟಿದರೆ ಹೊರನೋಟಕ್ಕೆ ಅದೂ ಕ್ಯಾಬಿನ್ ಕ್ರೂಸರೇ. ಹಿಂಭಾಗವೂ ಮುಂಭಾಗದಂತೆ ಚೂಪಾಗಿದ್ದರೆ ಗುಟ್ಟು ಬಯಲಾಗುತ್ತದೆ. ನೌಕಾಪಡೆಯಿಂದ ಹರಾಜಾದ ಉಗಿದೋಣಿಗಳೂ ಹೀಗೆ ವೇಷ ಬದಲಿಸಿದವು. ಇವುಗಳಲ್ಲಿ ಹೆಸರಾದದ್ದು 'ಸನ್‌ಡೌನರ್'. 1912ರಲ್ಲಿ ನೌಕಾಪಡೆಗಾಗಿ ಕಟ್ಟಿದ ಈ 58 ಅಡಿಯ ದೋಣಿಯನ್ನು ಕೊಂಡು ವಿಹಾರಕ್ಕೆ ಮಾರ್ಪಡಿಸಿದವರು ಚಾರ್ಲ್ಸ್ ಲೈಟಾಲರ್. ಹೆಸರು ಎಲ್ಲೋ ಕೇಳಿದಂತಿದ್ದರೆ ಆಶ್ಚರ್ಯವಿಲ್ಲ. ಟೈಟಾನಿಕ್ ಮುಳುಗಿದಾಗ ಬದುಕಿ ಉಳಿದ ಅಧಿಕಾರಿಗಳಲ್ಲಿ ಎಲ್ಲರಿಗಿಂತ ಹಿರಿಯರು ಇವರೇ. ಸನ್‌ಡೌನರನ್ನು ಕೊಡಿ ಎಂದು ನೌಕಾಪಡೆ ಕೇಳಿದಾಗ, ಕೊಡುವುದೇನು, ನಾನೇ ಒಯ್ಯುತ್ತೇನೆ ಎಂದರು ಆ 66ರ ಮುದುಕ. ಮಗ ರೋಜರ್ ಮತ್ತು ಒಬ್ಬ ಸ್ಕೌಟ್ ಹುಡುಗನೊಂದಿಗೆ 1940ರ ಜೂನ್ 1ರಂದು ಹೋಗಿ ಸುಮಾರು 130 ಸೈನಿಕರನ್ನು ತುಂಬಿಕೊಂಡು ಬಂದರು. ಅದಕ್ಕೆ ಮೊದಲು ಆ ದೋಣಿ 21ಕ್ಕಿಂತ ಹೆಚ್ಚು ಜನರನ್ನು ಹೊತ್ತಿರಲಿಲ್ಲ.

ಲೈಟಾಲರ್ ಅವರಂತೆ ಮಾಲೀಕನೇ ಹೋದದ್ದು ಅಪರೂಪ. ಸಿನಿಮಾ ಹೇಳುವುದು ಬೇರೆ, ನಡೆದದ್ದು ಬೇರೆ. 1940ರ ಮೇ 14ರಂದು ಬಿಬಿಸಿ ರೇಡಿಯೊ ಒಂದು ಪ್ರಕಟಣೆ ಓದಿತು. 30ರಿಂದ 100 ಅಡಿ ಉದ್ದದ ಯಂತ್ರದ ವಿಹಾರ ದೋಣಿ ಇಟ್ಟುಕೊಂಡವರು 14 ದಿನದೊಳಗೆ ನೌಕಾ ಇಲಾಖೆಗೆ ವಿವರ ಕಳುಹಿಸಬೇಕು ಎಂದು. ಡಂಕರ್ಕಿನ ಯೋಚನೆ ಆಗಿನ್ನೂ ಯಾರಿಗೂ ಇರಲಿಲ್ಲ. ನೌಕಾಪಡೆಗೆ ಚಿಕ್ಕ ದೋಣಿಗಳ ಕೊರತೆಯಿತ್ತು, ಅಷ್ಟೇ. ತಿಂಗಳ ಕೊನೆಗೆ ಪರಿಸ್ಥಿತಿ ಕೈಮೀರಿದಾಗ ಆ ವಿವರಗಳಿಗೂ ಕಾಯಲಿಲ್ಲ. ಟೆಡಿಂಗ್ಟನ್ನಿನ ದೋಣಿಕಟ್ಟೆಯ ಒಡೆಯ ಡಗ್ಲಸ್ ಟಫ್ ಅವರಿಗೆ ನೌಕಾ ಇಲಾಖೆಯಿಂದ ಫೋನು ಬಂತು. ಅವರು ನದಿಯುದ್ದಕ್ಕೂ ಓಡಾಡಿ ನೂರಕ್ಕೂ ಹೆಚ್ಚು ದೋಣಿಗಳನ್ನು ಒಟ್ಟುಮಾಡಿದರು. ಪಿಂಗಾಣಿ, ದಿಂಬು, ಪರದೆಗಳನ್ನು ಇಳಿಸಿ, ಎಂಜಿನ್ ನೋಡಿ, ಕೆಳಗಡೆ ಶೀರ್ನೆಸ್‌ಗೆ ಕಳುಹಿಸಿದರು. ಅಲ್ಲಿ ನೌಕಾಪಡೆಯ ಹುಡುಗರು ಹತ್ತಿದರು. ಎಷ್ಟೋ ಮಾಲೀಕರಿಗೆ ಸುದ್ದಿಯೇ ಇಲ್ಲ. ಒಬ್ಬರಂತೂ ದೋಣಿ ಕಳುವಾಯಿತೆಂದು ಪೊಲೀಸರನ್ನು ಕರೆದುಕೊಂಡು ಬೆನ್ನಟ್ಟಿ ಬಂದರಂತೆ.

ಈ ಗಡಿಬಿಡಿಯೇ ಇಂದಿನ ಗೊಂದಲದ ಬೇರು. ದೋಣಿ ನಡೆಸಿದವನಿಗೆ ಅದರ ಮಾಲೀಕ ಗೊತ್ತಿಲ್ಲ, ಮಾಲೀಕನಿಗೆ ನಡೆಸಿದವನು ಗೊತ್ತಿಲ್ಲ. ಹಲವು ದೋಣಿಗಳನ್ನು ಹಗ್ಗಕ್ಕೆ ಸಾಲಾಗಿ ಕಟ್ಟಿ ದೊಡ್ಡ ಹಡಗೊಂದು ಎಳೆದೊಯ್ದಿತು. ತಲೆಯ ಮೇಲೆ ವಿಮಾನ ಹಾರುವಾಗ ಬಾಲದ ದೋಣಿಯ ಹೆಸರೇನೆಂದು ಬರೆದಿಡುವವರು ಯಾರು? ಬರೆದ ಕಡೆಯಲ್ಲೂ ಕಾಗುಣಿತ ತಪ್ಪು. ಹೋದ ಹಡಗು ದೋಣಿಗಳ ಒಟ್ಟು ಲೆಕ್ಕವೇ ಪಟ್ಟಿಯಿಂದ ಪಟ್ಟಿಗೆ ಬೇರೆಯಾಗುತ್ತದೆ.

ಇನ್ನು ಹೆಸರು ನೋಡಿ ಗುರುತಿಸೋಣವೆಂದರೆ ಅದಕ್ಕಿಂತ ಮೋಸದ ಗುರುತು ಬೇರೊಂದಿಲ್ಲ. ಇಂಗ್ಲೆಂಡಿನ ಕಡಲತೀರದ ವಿಹಾರ ದೋಣಿಗಳಿಗೆ 'ಸ್ಕೈಲಾರ್ಕ್' ಎಂದು ಹೆಸರಿಡುವುದು ನಮ್ಮಲ್ಲಿ ಹೋಟೆಲಿಗೆ 'ಉಡುಪಿ' ಸೇರಿಸಿದಷ್ಟೇ ಸಾಮಾನ್ಯ. ಡಂಕರ್ಕಿನ ಪಟ್ಟಿಯಲ್ಲೂ ಸ್ಕೈಲಾರ್ಕ್ ಒಂದಲ್ಲ, ಹಲವು. ವೇಗದ ದಾಖಲೆಗಳಿಂದ ಪ್ರಸಿದ್ಧರಾದ ಮಾಲ್ಕಂ ಕ್ಯಾಂಪ್‌ಬೆಲ್ ತಮ್ಮ ಕಾರುಗಳಿಗೂ ದೋಣಿಗಳಿಗೂ 'ಬ್ಲೂ ಬರ್ಡ್' ಎಂಬ ಒಂದೇ ಹೆಸರಿಟ್ಟರು. ಅವರಿಗಾಗಿ 1931ರಲ್ಲಿ ಥಾರ್ನಿಕ್ರಾಫ್ಟ್ ಕಟ್ಟಿದ ದೋಣಿ ಡಂಕರ್ಕಿಗೆ ಹೋದದ್ದು. 1938ರಲ್ಲಿ ಕಟ್ಟಿಸಿದ ಅದಕ್ಕಿಂತ ದೊಡ್ಡದೂ ಬ್ಲೂ ಬರ್ಡೇ. ಈಗ ಮೊದಲಿನದನ್ನು 'ಬ್ಲೂ ಬರ್ಡ್ ಆಫ್ ಚೆಲ್ಸಿ' ಎಂದು ಕರೆಯುತ್ತಾರೆ. ಇದರ ಮೇಲೆ, ದೋಣಿ ಕೈಬದಲಾದಾಗ ಹೊಸ ಯಜಮಾನ ಹೆಂಡತಿಯ ಹೆಸರನ್ನೋ ಮಗಳ ಹೆಸರನ್ನೋ ಇಡುತ್ತಾನೆ. ನಾಲ್ಕು ಕೈ ಬದಲಾದರೆ ನಾಲ್ಕು ಹೆಸರು.

ಕೋಣೆಯನ್ನು ನೋಡಿ ಹೇಳಲೂ ಸಾಧ್ಯವಿಲ್ಲ. ಯುದ್ಧ ಮುಗಿದ ಮೇಲೆ ನೌಕಾಪಡೆ ಹಿಂದಿರುಗಿಸಿದ ದೋಣಿಗಳು ಬೂದು ಬಣ್ಣ ಬಳಿದುಕೊಂಡು, ಬಡಿಸಿಕೊಂಡು ಬಂದಿದ್ದವು. ಮನೆಗಳಿಗೆ ಬರವಿದ್ದ ಕಾಲ ಅದು. ಕೆಲವು ದೋಣಿಗಳ ಮೇಲೆ ಪ್ಲೈವುಡ್ಡಿನ ಅಟ್ಟ ಎದ್ದು ಅವು ಮನೆಗಳಾದವು. ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂತು. ತೆರೆದ ಚುಕ್ಕಾಣಿ ಕಟ್ಟೆಗೆ ಗಾಜಿನ ಗೂಡು ಬಂತು. ಹೀಗೆ ಒಂದೇ ದೋಣಿಗೆ ಮೂರು ನಾಲ್ಕು ಅವತಾರ. ಆಮೇಲೆ ಹಳೆಯ ಮರದ ದೋಣಿಗೆ ಬೆಲೆ ಬಂದಾಗ ಇದೆಲ್ಲ ಕಿತ್ತು, 1930ರ ದಶಕದ ರೂಪಕ್ಕೇ ಮರಳಿಸುವ ಉತ್ಸಾಹ ಹುಟ್ಟಿತು. ಕೆಲವರು ಎಷ್ಟು ಶ್ರದ್ಧೆಯಿಂದ ಮರಳಿಸಿದರೆಂದರೆ ದೋಣಿ ಹುಟ್ಟಿದ ದಿನಕ್ಕಿಂತಲೂ ಚೆನ್ನಾಗಿ ಕಾಣುತ್ತದೆ. ಅತಿ ಹಳೆಯದಾಗಿ ತೋರುವ ಕೋಣೆ ಅತಿ ಹೊಸದಾಗಿರುವುದು ಹೀಗೆ.

ಆದ್ದರಿಂದ ಬಲ್ಲವರು ಮೇಲೆ ನೋಡುವುದಿಲ್ಲ, ಬಗ್ಗಿ ಕೆಳಗೆ ನೋಡುತ್ತಾರೆ. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಜೋಡಿಸಿದ್ದೋ, ಹೆಂಚಿನಂತೆ ಒಂದರ ಮೇಲೊಂದು ಹೊದೆಸಿದ್ದೋ, ಎರಡು ಪದರಗಳನ್ನು ಓರೆಯಾಗಿ ಹೆಣೆದದ್ದೋ ಎಂಬುದು ಮೊದಲ ಪ್ರಶ್ನೆ. ಇದನ್ನು ಬದಲಿಸುವುದೆಂದರೆ ಹೊಸ ದೋಣಿಯನ್ನೇ ಕಟ್ಟಿದಂತೆ, ಆದ್ದರಿಂದ ಯಾರೂ ಬದಲಿಸುವುದಿಲ್ಲ. ಒಳಗಿನ ಪಕ್ಕೆಲುಬುಗಳ ನಡುವಿನ ಅಂತರ, ಹಲಗೆ ಯಾವ ಮರದ್ದು, ತಾಮ್ರದ ಮೊಳೆ ಹೇಗೆ ಬಡಿದಿದೆ ಎಂಬುದರಲ್ಲಿ ಕಟ್ಟೆಯ ರೂಢಿ ಕಾಣುತ್ತದೆ. ಬಣ್ಣ ಕೆರೆದಾಗ ದುಂಡನೆಯ ಮರದ ತೇಪೆ ಕಂಡರೆ ಅಲ್ಲಿ ಒಂದು ಕಾಲಕ್ಕೆ ಗಾಜಿನ ಕಿಂಡಿ ಇತ್ತೆಂದು ಅರ್ಥ. ಮೇಲ್ಕಟ್ಟಿನ ತೊಲೆಯಲ್ಲಿ ತುಂಬಿದ ಸ್ಕ್ರೂ ತೂತುಗಳ ಸಾಲು ಹಿಂದಿನ ಕೋಣೆಯ ಗೋಡೆ ಎಲ್ಲಿತ್ತೆಂದು ಹೇಳುತ್ತದೆ.

ಅಳತೆಯಲ್ಲೂ ಉದ್ದವನ್ನು ನೆಚ್ಚುವಂತಿಲ್ಲ. ಹಿಂದೆ ಒಂದು ಕಟ್ಟೆ ಸೇರಿಸಿದರೆ ಎರಡು ಅಡಿ ಬೆಳೆಯಿತು. ಅಗಲ ಮಾತ್ರ ಬೆಳೆಯುವುದಿಲ್ಲ. ಇನ್ನು ಹಳೆಯ ದಾಖಲೆಯಲ್ಲಿ ಬರುವ 'ಟನ್ನು' ಓದಿ ತೂಕವೆಂದುಕೊಂಡರೆ ಎಡವಿದಂತೆಯೇ. ವಿಹಾರ ದೋಣಿಗಳಿಗೆ ಬಳಸುತ್ತಿದ್ದುದು ಥೇಮ್ಸ್ ಅಳತೆಯ ಟನ್ನು. ಉದ್ದದಿಂದ ಅಗಲವನ್ನು ಕಳೆದು, ಬಂದದ್ದನ್ನು ಅಗಲದಿಂದ, ಮತ್ತೆ ಅಗಲದ ಅರ್ಧದಿಂದ ಗುಣಿಸಿ, 94ರಿಂದ ಭಾಗಿಸಬೇಕು. 40 ಅಡಿ ಉದ್ದ, 10 ಅಡಿ ಅಗಲದ ದೋಣಿಗೆ ಹೀಗೆ ಸುಮಾರು 16 ಟನ್ ಬರುತ್ತದೆ. ದೋಣಿಯನ್ನು ತಕ್ಕಡಿಗೆ ಹಾಕಿದರೆ ಬೇರೆಯೇ ಲೆಕ್ಕ. ಆದರೆ ಈ ಟನ್ನು ಮತ್ತು ಅಗಲ ಎರಡೂ ತಾಳೆಯಾದರೆ ಹಳೆಯ ಪುಸ್ತಕದ ದೋಣಿಯೂ ಕಣ್ಣೆದುರಿನ ದೋಣಿಯೂ ಒಂದೇ ಎನ್ನಲು ಬಲ ಬರುತ್ತದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಒಂದು ಸಂಖ್ಯೆ. ಬ್ರಿಟನ್ನಿನ 1894ರ ಹಡಗು ಕಾಯಿದೆಯ ಪ್ರಕಾರ ನೋಂದಾಯಿಸಿದ ಪ್ರತಿ ಹಡಗಿಗೂ ಒಂದು ಅಧಿಕೃತ ಸಂಖ್ಯೆ ಸಿಗುತ್ತಿತ್ತು. ಅದನ್ನು ಮುಖ್ಯ ತೊಲೆಯಲ್ಲಿ ಕೆತ್ತಬೇಕು. ಹೆಸರು ಹತ್ತು ಸಲ ಬದಲಾದರೂ ಸಂಖ್ಯೆ ಬದಲಾಗದು. ಆರ್‌ಟಿಒ ಕಚೇರಿಯಲ್ಲಿ ಇನ್‌ಸ್ಪೆಕ್ಟರು ಬಣ್ಣ ನೋಡದೆ ಚಾಸಿಸ್ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಕಾಗದಕ್ಕೆ ಅಚ್ಚೆತ್ತಿಕೊಳ್ಳುವುದು ಇದೇ ಕಾರಣಕ್ಕಲ್ಲವೇ? ಆದರೆ 15 ಟನ್ನು ಮೀರದ, ದೇಶದ ಹೊಳೆ ಕರಾವಳಿಗಳಲ್ಲೇ ಓಡಾಡುವ ದೋಣಿಗೆ ನೋಂದಣಿ ಕಡ್ಡಾಯವಿರಲಿಲ್ಲ. ಡಂಕರ್ಕಿಗೆ ಹೋದ ಎಷ್ಟೋ ಕ್ಯಾಬಿನ್ ಕ್ರೂಸರುಗಳು ಈ ಅಳತೆಯವೇ. ಅವುಗಳಿಗೆ ಲಾಯ್ಡ್ಸ್ ಸಂಸ್ಥೆ ಪ್ರಕಟಿಸುತ್ತಿದ್ದ ವಿಹಾರ ದೋಣಿಗಳ ವಾರ್ಷಿಕ ಪುಸ್ತಕವೇ ಗತಿ. ನಮ್ಮ ಪಹಣಿಯಂತೆ ಅದರಲ್ಲಿ ಕಟ್ಟಿದವರು, ಕಟ್ಟಿದ ವರ್ಷ, ಅಳತೆ, ಒಡೆಯ, ಹಿಂದಿನ ಹೆಸರು ಎಲ್ಲವೂ ಇರುತ್ತಿತ್ತು, ಆ ದೋಣಿ ಅದರಲ್ಲಿ ಸೇರಿದ್ದರೆ.

ಇಷ್ಟೆಲ್ಲ ಮಾಡಿದರೆ ಸಿಗುವ ಉತ್ತರ, ಈ ದೋಣಿ ಯಾರು ಎಂಬುದಕ್ಕೆ. ಅದು ಎಲ್ಲಿಗೆ ಹೋಗಿತ್ತು ಎಂಬುದಕ್ಕಲ್ಲ. ಮರ ಇಲ್ಲಿ ಬಾಯಿ ಬಿಡುವುದಿಲ್ಲ, ಕಾಗದವೇ ಬೇಕು. ನೌಕಾ ಇಲಾಖೆಯ ಪಟ್ಟಿ, ಅಧಿಕಾರಿಗಳ ವರದಿ, ದೋಣಿಕಟ್ಟೆಯ ಲೆಕ್ಕ, ಹೋದವರ ಪತ್ರ. ಗೊಂದಲ ಮೂರು ಕಡೆ ಏಳುತ್ತದೆ. ರಾಮ್ಸ್‌ಗೇಟ್ ಅಥವಾ ಶೀರ್ನೆಸ್‌ವರೆಗೆ ಬಂದು, ಎಂಜಿನ್ ಕೆಟ್ಟೋ ಸಮಯ ಮೀರಿಯೋ ಕಡಲು ದಾಟದೆ ಉಳಿದ ದೋಣಿಗಳಿವೆ. ಡಂಕರ್ಕ್ ಮುಗಿದ ಮೇಲೆ, ಜೂನ್ 10ರಿಂದ 13ರವರೆಗೆ ಸೇಂಟ್ ವಾಲರಿ ಮತ್ತು ಹಾವ್ರ್ ಕಡೆ ನಡೆದ ಇನ್ನೊಂದು ತೆರವಿಗೆ ಹೋದವುಗಳಿವೆ. 1940ರಲ್ಲಿ ನೌಕಾಪಡೆ ತೆಗೆದುಕೊಂಡು ಹೊಳೆಬಾಯಿಗಳಲ್ಲಿ ಕಾವಲಿಗೆ ಹಾಕಿದ ದೋಣಿಗಳಂತೂ ಲೆಕ್ಕವಿಲ್ಲ. ಈ ಮೂರೂ ಬಗೆಯ ದೋಣಿಗಳ ಮನೆಗಳಲ್ಲಿ 'ನಮ್ಮದೂ ಯುದ್ಧಕ್ಕೆ ಹೋಗಿತ್ತು' ಎಂಬ ಮಾತು ಉಳಿದಿರುತ್ತದೆ. ಮಾತು ಸುಳ್ಳಲ್ಲ. ಎರಡು ತಲೆಮಾರು ಕಳೆಯುವ ಹೊತ್ತಿಗೆ 'ಯುದ್ಧ' ಎಂಬಲ್ಲಿ 'ಡಂಕರ್ಕ್' ಬಂದು ಕೂರುತ್ತದೆ, ಮಾರುವಾಗ ಬೆಲೆಯೂ ಅದರ ಜೊತೆಗೇ ಏರುತ್ತದೆ.

ಉಲ್ಟಾ ನಡೆದದ್ದೂ ಉಂಟು. ಬಿಬಿಸಿಯ ನಿರೂಪಕ, ಯುದ್ಧಕಾಲದಲ್ಲಿ ಸ್ಪಿಟ್‌ಫೈರ್ ವಿಮಾನ ಹಾರಿಸಿದ್ದ ರೇಮಂಡ್ ಬ್ಯಾಕ್ಸ್‌ಟರ್ 1960ರ ದಶಕದ ಮೊದಲಲ್ಲಿ 'ಲೋರಾಜ್' ಎಂಬ ದೋಣಿ ಕೊಂಡರು. ಅದು ಡಂಕರ್ಕಿಗೆ ಹೋಗಿಬಂದದ್ದೆಂದು ತಿಳಿದದ್ದು ಕೊಂಡ ಮೇಲೆ. ಇಂಥವು ಇನ್ನೆಷ್ಟಿವೆಯೋ ಎಂದು ಪತ್ರಿಕೆಗೆ ಬರೆದರು. 1965ರಲ್ಲಿ, 25 ವರ್ಷ ತುಂಬಿದಾಗ, ನಲವತ್ತಕ್ಕೂ ಹೆಚ್ಚು ದೋಣಿಗಳು ಕೂಡಿ ಮತ್ತೆ ಡಂಕರ್ಕಿಗೆ ಹೋಗಿಬಂದವು. ಡಂಕರ್ಕ್ ದೋಣಿಗಳ ಸಂಘ ಹುಟ್ಟಿದ್ದು ಅದರಿಂದ. ಕೆಂಪು ಶಿಲುಬೆಯ ಬಾವುಟ ಆ ಸಂಘದ್ದು. ಸಾಕ್ಷಿ ಒಪ್ಪಿಗೆಯಾದ ದೋಣಿಗಷ್ಟೇ ಅಲ್ಲಿ ಜಾಗ. ಐದು ವರ್ಷಕ್ಕೊಮ್ಮೆ ಕಡಲು ದಾಟುವ ಪದ್ಧತಿಯನ್ನೂ ಸಂಘ ಇಟ್ಟುಕೊಂಡಿದೆ. 2025ರ ಮೇ ತಿಂಗಳಲ್ಲಿ, 85 ವರ್ಷ ತುಂಬಿದಾಗಲೂ, ಹತ್ತಾರು ದೋಣಿಗಳು ರಾಮ್ಸ್‌ಗೇಟಿನಿಂದ ಹೊರಟಿದ್ದವು.

ಸಂಘದ ಬಿಗಿ ಕೆಲವರಿಗೆ ಅತಿಯೆನಿಸಬಹುದು. ಆದರೆ ಸಡಿಲ ಬಿಟ್ಟರೆ ನಷ್ಟ ಯಾರಿಗೆ ಎಂಬುದನ್ನು ನೋಡಬೇಕು. 1939ರಲ್ಲಿ ಆಸ್ಬಾರ್ನ್ ಕಟ್ಟೆಯಲ್ಲಿ ಹುಟ್ಟಿದ 'ನಯಾಡ್ ಎರಂಟ್' ಎಂಬ ಕ್ಯಾಬಿನ್ ಕ್ರೂಸರನ್ನು ಡಂಕರ್ಕಿನಲ್ಲಿ ನಡೆಸಿದವನು ಸ್ಯಾಮ್ ಪಾಮರ್ ಎಂಬ ಸಾಮಾನ್ಯ ನಾವಿಕ. ಎಂಜಿನ್ ನಿಂತಾಗ ಕ್ಯಾಬಿನ್ನಿನ ಬಾಗಿಲುಗಳನ್ನು ಮುರಿದು ಹುಟ್ಟು ಹಾಕಿ ಎಂದು ಸೈನಿಕರಿಗೆ ಹೇಳಿದನಂತೆ. ಅವನು ಬದುಕಿ ಬಂದು ಹೇಳಿದ, ಅದನ್ನು ಯಾರೋ ಬರೆದುಕೊಂಡರು, ಆದ್ದರಿಂದ ಆ ದೋಣಿಯ ಕಥೆ ದೋಣಿಯ ಜೊತೆಗೇ ಉಳಿಯಿತು. ಯಾರದೋ ಮಾತನ್ನು ಯಾವುದೋ ದೋಣಿಗೆ ಅಂಟಿಸಿದರೆ ಪಾಮರ್‌ನಂಥವರ ಮಾತಿಗೂ ಬೆಲೆ ಇರದು. ಬಾವುಟವಿಲ್ಲದ ದೋಣಿಗಳಲ್ಲಿ ಹೋಗಿಬಂದದ್ದು ಒಂದೂ ಇಲ್ಲ ಎನ್ನುವಂತೆಯೂ ಇಲ್ಲ. ಹೆಸರು ಬರೆಯದೆ ಹೋದವು, ಅಲ್ಲೇ ಮುಳುಗಿದವು ಯಾವ ಸಂಘಕ್ಕೂ ಅರ್ಜಿ ಹಾಕಲಾರವು.

ಕಾಗದದ ಕೆಲಸ ಮುಗಿದ ಮೇಲೂ ಬಡಗಿಯ ಕೆಲಸ ನಿಲ್ಲುವುದಿಲ್ಲ. ಎಂಬತ್ತು ತೊಂಬತ್ತು ವರ್ಷದ ಮರ ಸಿಹಿನೀರಿನಲ್ಲಿ ಕೊಳೆಯುತ್ತದೆ. ಈ ವರ್ಷ ನಾಲ್ಕು ಹಲಗೆ, ಬರುವ ವರ್ಷ ಆರು ಪಕ್ಕೆಲುಬು ಎಂದು ಬದಲಿಸುತ್ತ ಹೋದರೆ ಸೈನಿಕರ ಬೂಟು ತುಳಿದ ಮರ ಎಷ್ಟು ಉಳಿದೀತು ಎಂದು ಕೇಳುವವರಿದ್ದಾರೆ. ನೋಂದಾಯಿತ ದೋಣಿಯಲ್ಲಿ ಸಂಖ್ಯೆ ಹೊತ್ತ ತೊಲೆಯೇ ಶಿಥಿಲವಾಗುವ ದಿನವೂ ಬರುತ್ತದೆ. ಆಗ ಹೊಸ ತೊಲೆ ಕೂರಿಸಿ, ಹಳೆಯದರಲ್ಲಿದ್ದ ಅದೇ ಅಂಕಿಗಳನ್ನು ಅದರ ಮೇಲೆ ಉಳಿಯಿಂದ ಮತ್ತೆ ಕೆತ್ತಬೇಕು.